ಮೊಣಕೈ ಅಳತೆ

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ನನ್ನ ಹುದ್ದೆ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಇಪ್ಪತ್ತಮೂರು ವರ್ಷಗಳಿಂದ ಅಂಗಡಿಯವರ ತಕ್ಕಡಿ, ಲೀಟರಿನ ಮಾಪು, ಬಟ್ಟೆ ಅಳೆಯುವ ಕೋಲು ಇವುಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುತ್ತಾ ಬಂದಿದ್ದೇನೆ. ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕೆಲವು ತಕ್ಕಡಿಗಳು ತಾವಾಗಿಯೇ ಸರಿಹೋಗುತ್ತವೆ. ಹೀಗಿರುವಾಗ ನಮ್ಮ ಅಡುಗೆಮನೆಯ ಕಪಾಟುಗಳನ್ನು ಬದಲಿಸುವ ಮಾತು ಬಂದರೆ ನಾನು ಹಿಂದೆ ಸರಿಯುತ್ತೇನೆಯೇ?

"ಹತ್ತು ದಿನ!" ಎಂದೆ ಹೆಂಡತಿಗೆ. "ನೀನು ವಾಪಸ್ ಬಂದು ಬಾಗಿಲು ತೆಗೆಯೋ ಹೊತ್ತಿಗೆ ಹೊಸ ಅಡುಗೆಮನೆ ರೆಡಿ. ಒಂದು ಮಿಲಿಮೀಟರ್ ಹೆಚ್ಚಿರಲ್ಲ, ಒಂದು ಮಿಲಿಮೀಟರ್ ಕಮ್ಮಿ ಇರಲ್ಲ!"

ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹತ್ತು ದಿನ ಬೇರೆ ಊರಿಗೆ ಹೊರಟಿದ್ದಳು. ಸೂಟ್‌ಕೇಸಿನ ಜಿಪ್ ಎಳೆಯುತ್ತಾ ಹೇಳಿದಳು:

"ನನಗೆ ಮಿಲಿಮೀಟರ್ ಎಲ್ಲ ಬೇಡ ರೀ. ಸ್ಟೂಲ್ ಹತ್ತದೆ ಒಂದು ಉಪ್ಪಿನ ಡಬ್ಬಿ ಕೈಗೆ ಸಿಗೋ ಹಾಗೆ ಮಾಡಿಸಿ. ಅಷ್ಟು ಸಾಕು."

ಇಲ್ಲಿ ಎರಡು ಅಳತೆಗಳನ್ನು ದಾಖಲಿಸಬೇಕು. ನಾನು ಆರು ಅಡಿ ಎರಡು ಇಂಚು. ಅವಳು ನಾಲ್ಕು ಅಡಿ ಹನ್ನೊಂದು ಇಂಚು. ನಮ್ಮ ಮದುವೆಯ ಫೋಟೋಗಳಲ್ಲಿ ಇಬ್ಬರ ತಲೆಯೂ ಒಟ್ಟಿಗೆ ಬಿದ್ದಿರುವುದು ಕಡಿಮೆ. ಹೆಚ್ಚಿನವುಗಳಲ್ಲಿ ಫೋಟೋದವರು ಅವಳನ್ನು ಆರಿಸಿಕೊಂಡಿದ್ದಾರೆ. ಈ ಮನೆಯನ್ನು ನಾವು ಹದಿನಾರು ವರ್ಷದ ಹಿಂದೆ ಕೊಂಡಾಗ ಇದರಲ್ಲಿದ್ದವರು ಎತ್ತರದ ಜನ. ಅಡುಗೆಮನೆ ಅವರ ಎತ್ತರಕ್ಕೆ ಇತ್ತು. ಹೀಗಾಗಿ ಉಪ್ಪು ಬೇಕಾದರೆ ಸ್ಟೂಲ್, ಸಕ್ಕರೆ ಬೇಕಾದರೆ ಸ್ಟೂಲ್, ಇಳಿದ ಮೇಲೆ ಚಮಚ ಮೇಲೆಯೇ ಮರೆತದ್ದು ನೆನಪಾದರೆ ಮತ್ತೆ ಸ್ಟೂಲ್. ಹದಿನಾರು ವರ್ಷದಲ್ಲಿ ಅವಳು ಎರಡು ಸಲ ಬಿದ್ದಿದ್ದಾಳೆ. ಎರಡನೆಯ ಸಲ ಬಲಗೈಯ ಮಣಿಕಟ್ಟು ಮುರಿದು, ಒಂದೂವರೆ ತಿಂಗಳು ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದಿದ್ದಾಳೆ. ಇಷ್ಟಾಗಿಯೂ ಅವಳು ಕೇಳಿದ್ದು ಇದೊಂದನ್ನೇ. ನಾನು ನೋಟ್‌ಬುಕ್ ತೆಗೆದು, "ಬೇಡಿಕೆ ಒಂದು: ಸ್ಟೂಲ್ ರದ್ದು" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಅವಳು ಹೊರಟಳು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ, ಅಂದರೆ ಅವಳ ತಾಯಿ. ಅತ್ತೆಗೆ ಎಂಬತ್ತು ದಾಟಿದೆ. ಮಂಡಿ ಕೇಳುವುದಿಲ್ಲ, ಕಿವಿ ಕೇಳುತ್ತದೆ.

ಸಹೋದ್ಯೋಗಿಯೊಬ್ಬರು ಒಬ್ಬ ಮೇಸ್ತ್ರಿಯ ಹೆಸರು ಹೇಳಿದ್ದರು. "ನಲವತ್ತು ವರ್ಷದಿಂದ ಮರಗೆಲಸ ಮಾಡ್ತಿದಾರೆ. ಹತ್ತೂ ಬೆರಳು ಹಾಗೇ ಇವೆ," ಎಂದಿದ್ದರು. ಬಡಗಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಮರುದಿನ ಬೆಳಗ್ಗೆಯೇ ಮೇಸ್ತ್ರಿ ಬಂದರು. ಕಿವಿಯ ಹಿಂದೆ ಪೆನ್ಸಿಲ್, ಹೆಗಲಿಗೆ ಚೀಲ. ನಾನು ಎರಡು ವಾರ ಕೂತು ಬರೆದ ನಕ್ಷೆಯನ್ನು ಅವರ ಮುಂದೆ ಬಿಡಿಸಿಟ್ಟೆ. ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿ, ಮೂರು ಬಣ್ಣದ ಶಾಯಿಯಲ್ಲಿ! ಅವರು ಅದನ್ನು ಗೌರವದಿಂದ ನೋಡಿದರು. ಆಮೇಲೆ ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಏಣಿಯ ಕಾಲಡಿಗೆ ಇಟ್ಟರು.

"ಗೋಡೆಗೆ ಟೇಪು ಸರಿ ಸಾರ್. ಮನುಷ್ಯರಿಗೆ ಮೊಣಕೈ ಬೇಕು."

"ಅಂದ್ರೆ?"

"ಅಡುಗೆ ಮಾಡೋರು ನೆಟ್ಟಗೆ ನಿಂತು ಮೊಣಕೈ ಮಡಚಬೇಕು. ಅಲ್ಲಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ ಬರುತ್ತೆ. ಅವರು ಕೈ ಎತ್ತಿದ್ರೆ ಅಂಗೈ ಎಲ್ಲಿ ಮುಟ್ಟುತ್ತೋ ಅಲ್ಲಿ ಮೇಲಿನ ಕಪಾಟಿನ ಅರೆ. ಹಾಗೆ ಮಾಡಿದ್ರೆ ಬೆನ್ನು ನೋಯಲ್ಲ, ಸ್ಟೂಲೂ ಬೇಡ. ಕರೀರಿ ಸಾರ್, ಈ ಮನೇಲಿ ಅಡುಗೆ ಮಾಡೋರು ಯಾರು?"

ಸ್ಟೂಲೂ ಬೇಡ! ನನ್ನ ಬೇಡಿಕೆ ಒಂದನ್ನು ಈ ಮನುಷ್ಯ ಓದದೆಯೇ ತಿಳಿದುಕೊಂಡಿದ್ದಾರೆ ಎಂದು ನನಗೆ ರೋಮಾಂಚನವಾಯಿತು.

"ಅವರು ಊರಲ್ಲಿಲ್ಲ. ಹತ್ತು ದಿನ ಆಗುತ್ತೆ ಬರೋದು."

"ಹಂಗಾದ್ರೆ ಅವರು ಬಂದ್ಮೇಲೆ ಹೇಳಿ ಕಳಿಸಿ," ಎಂದು ಮೇಸ್ತ್ರಿ ಪೆನ್ಸಿಲನ್ನು ಕಿವಿಗೆ ಸೇರಿಸಿ ಚೀಲ ಎತ್ತಿದರು.

ನನ್ನ ಹತ್ತು ದಿನಗಳು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆಯುತ್ತಿದ್ದವು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಒಂದು ಮಾತು ಹೊರಟಿತು.

"ನಾನೇ!"

"ಏನು ನೀವೇ?"

"ಅಡುಗೆ ಮಾಡೋದು."

ಇದನ್ನು ಸುಳ್ಳು ಎಂದು ಒಪ್ಪಿಕೊಳ್ಳಲು ನಾನು ಈಗಲೂ ತಯಾರಿಲ್ಲ. ಅಂದು ಬೆಳಗ್ಗೆ ಹಾಲು ಉಕ್ಕಿಸಿದವನು ನಾನೇ. ಕಾಯಿಸಲು ಹೋಗಿದ್ದೆ, ಉಕ್ಕಿತು. ಮುಂದಿನ ಹತ್ತು ದಿನ ಆ ಮನೆಯಲ್ಲಿ ಒಲೆ ಹಚ್ಚುವವನೂ ನಾನೇ. ಕಾನೂನಿನ ದೃಷ್ಟಿಯಿಂದ ನೋಡಿದರೆ ನನ್ನ ಹೇಳಿಕೆಯಲ್ಲಿ ದೋಷವಿರಲಿಲ್ಲ.

ಮೇಸ್ತ್ರಿ ಚೀಲ ಕೆಳಗಿಟ್ಟರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣಿನಲ್ಲಿ ನಾನು ಬೆಳೆಯುತ್ತಿರುವುದು ನನಗೇ ಕಾಣಿಸುತ್ತಿತ್ತು.

"ನಲವತ್ತು ವರ್ಷದಲ್ಲಿ ನೀವು ಮೂರನೇ ಗಂಡಸು ಸಾರ್!"

"ಮೊದಲಿಬ್ಬರು ಯಾರು?"

"ಇಬ್ಬರೂ ಹೋಟೆಲ್‌ನವರು."

ಹೊಗಳಿಕೆಗೆ ಉಬ್ಬಿದವನು ಪೂರ್ತಿ ನೆಟ್ಟಗೆ ನಿಲ್ಲುತ್ತಾನೆ. ನಾನು ನಿಂತೆ. ಮೊಣಕೈ ಮಡಚಿದೆ. ಕೈ ಎತ್ತಿದೆ. "ಯಾವ ಕೈ ಓಡುತ್ತೆ ಸಾರ್?" ಎಂದರು. "ಎಡಗೈ," ಎಂದೆ. "ಹಂಗಾದ್ರೆ ಸಿಂಕು ಈ ಕಡೆ, ಒಲೆ ಆ ಕಡೆ, ಚಾಕು ಚಮಚದ ಡ್ರಾಯರ್ ಎಡಕ್ಕೆ," ಎಂದು ಮೇಸ್ತ್ರಿ ಗೋಡೆಯ ಮೇಲೆ ಗೆರೆಗಳನ್ನು ಎಳೆಯುತ್ತಾ ಹೋದರು. ನಾನು ಟೇಪ್ ಹಿಡಿದು ಪರಿಶೀಲಿಸಿದೆ. ಕಟ್ಟೆಯ ಎತ್ತರ ಸಾವಿರದ ಎಪ್ಪತ್ತು ಮಿಲಿಮೀಟರ್. ನೋಟ್‌ಬುಕ್‌ನಲ್ಲಿ ಬರೆದು ಸಹಿ ಹಾಕಿ, ಮೇಸ್ತ್ರಿಯಿಂದಲೂ ಸಹಿ ಹಾಕಿಸಿಕೊಂಡೆ.

ಹಾಲ್‌ನಿಂದ ಅತ್ತೆಯ ಧ್ವನಿ ಬಂತು. "ಅಳಿಯಂದ್ರೇ, ಒಂದು ಮಾತು ಹೇಳ್ಲಾ?"

"ತಾಳಿ ಅತ್ತೆ, ಅಳತೆ ನಡೀತಾ ಇದೆ!"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಪಾಟು ಬದಲಿಸಿ ನೋಡು ಎಂದು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಬಹುಶಃ ಅವರ ಕಾಲದಲ್ಲಿ ಪಾತ್ರೆಗಳು ನೆಲದ ಮೇಲೆ ಸುಖವಾಗಿದ್ದವು. ನೀವೂ ಈ ಸಾಹಸಕ್ಕೆ ಹೊರಟಿದ್ದರೆ ಮೊದಲೇ ತಿಳಿದುಕೊಳ್ಳಿ: ಕಪಾಟಿನ ಒಳಗಿದ್ದಾಗ ಕಪಾಟಿನಷ್ಟೇ ಇದ್ದ ಸಾಮಾನು, ಹೊರಗೆ ತೆಗೆದ ಕೂಡಲೇ ಮನೆಯಷ್ಟಾಗುತ್ತದೆ. ನಾನು ಪ್ರತಿ ಪಾತ್ರೆಗೂ ಒಂದು ಸಂಖ್ಯೆಯ ಚೀಟಿ ಅಂಟಿಸಿದೆ. ಒಂದರಿಂದ ಇನ್ನೂರ ಹನ್ನೆರಡು. ಯಾವ ಪಾತ್ರೆ ಯಾವ ಪೆಟ್ಟಿಗೆಯಲ್ಲಿದೆ ಎಂಬ ಪಟ್ಟಿಯನ್ನೂ ತಯಾರಿಸಿದೆ. ಆ ಪಟ್ಟಿಯನ್ನು ಜೋಪಾನವಾಗಿರಲಿ ಎಂದು ಒಂದು ಪೆಟ್ಟಿಗೆಯೊಳಗೆ ಇಟ್ಟೆ. ಯಾವ ಪೆಟ್ಟಿಗೆ ಎಂಬುದು ಪಟ್ಟಿಯಲ್ಲಿದೆ.

ಫ್ರಿಜ್ಜು ಹಾಲ್‌ಗೆ ಬಂದು ಅತ್ತೆಯ ಮಂಚದ ಪಕ್ಕ ನಿಂತಿತು. ಇಸ್ತ್ರಿ ಮೇಜಿನ ಮೇಲೆ ಒಂಟಿ ಒಲೆ ಕೂತಿತು. ಪಾತ್ರೆ ತೊಳೆಯುವ ಕೆಲಸ ಬಚ್ಚಲಿಗೆ ವರ್ಗವಾಯಿತು. ಸ್ನಾನಕ್ಕೆ ಹೋದವನು ನಾಲ್ಕು ತಟ್ಟೆ ತೊಳೆದೇ ಹೊರಬರಬೇಕು. ಒಮ್ಮೆ ತಲೆಗೆ ಪಾತ್ರೆಯ ಸೋಪು, ತಟ್ಟೆಗೆ ಶ್ಯಾಂಪೂ ಆಯಿತು. ತಟ್ಟೆಗಳು ಮೃದುವಾಗಿದ್ದವು.

ಮೂರನೆಯ ದಿನ ಹಳೆಯ ಕಪಾಟುಗಳನ್ನು ಕಿತ್ತರು. ಕಪಾಟಿನ ಜೊತೆಗೆ ಗೋಡೆಯ ಗಾರೆಯೂ ಬಂತು. ಅಷ್ಟು ವರ್ಷ ಜೊತೆಗಿದ್ದ ಮೇಲೆ ಒಂದನ್ನು ಬಿಟ್ಟು ಇನ್ನೊಂದು ಇರಲಾರದು ಎಂದರು ಮೇಸ್ತ್ರಿ. ಕಪಾಟಿನ ಹಿಂದೆ ಹನ್ನೊಂದು ಚಮಚ, ಒಂದು ಥರ್ಮಾಮೀಟರ್ ಮತ್ತು ನಮ್ಮ ಕುಕ್ಕರಿನ ಮುಚ್ಚಳ ಸಿಕ್ಕವು. ಆ ಮುಚ್ಚಳವನ್ನು ವಾಪಸ್ ಕೊಡಲಿಲ್ಲ ಎಂದು ಪಕ್ಕದ ಮನೆಯವರ ಜೊತೆ ನಾವು ಎರಡು ವರ್ಷದಿಂದ ಮಾತು ಬಿಟ್ಟಿದ್ದೆವು. ಅದನ್ನು ಮತ್ತೆ ಹಿಂದಕ್ಕೇ ಹಾಕಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ.

ನಾಲ್ಕನೆಯ ದಿನ ಮೇಸ್ತ್ರಿ ತೂಗುಗುಂಡು ಬಿಟ್ಟು ನೋಡಿ, ಗೋಡೆ ಮೇಲೆ ಹೋಗುತ್ತಾ ಒಂದೂವರೆ ಇಂಚು ಹಿಂದೆ ವಾಲಿದೆ ಎಂದರು. ನಾನೂ ಟೇಪ್ ಹಿಡಿದು ನೋಡಿದೆ, ಒಂದೂವರೆಯೇ. ಅಂಗಡಿಯವರ ಮೀಟರ್ ಕೋಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ನಾನು, ಹದಿನಾರು ವರ್ಷ ಇಂಥ ಗೋಡೆಯ ಆಶ್ರಯದಲ್ಲಿ ಊಟ ಮಾಡಿದ್ದೆ!

"ಇದೆಂಥ ಗೋಡೆ ಮೇಸ್ತ್ರಿ?"

"ಇದು ಗೋಡೆ ಅಲ್ಲ ಸಾರ್. ಕಟ್ಟಿದವನ ಅಭಿಪ್ರಾಯ."

ಐದನೆಯ ದಿನ ಸಿಂಕನ್ನು ನನ್ನ ಎಡಗೈಗೆ ಅನುಕೂಲವಾಗುವ ಕಡೆಗೆ ಸರಿಸಲು ಹೋಗಿ ನಲ್ಲಿಯ ಪೈಪು ಒಡೆಯಿತು. ನೀರು ಅಡುಗೆಮನೆ ದಾಟಿ ಹಾಲ್‌ಗೆ ಬಂತು. ಅತ್ತೆ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತು ಕೇಳಿದರು:

"ಅಳಿಯಂದ್ರೇ, ನನ್ನ ಮಗಳು ಎಷ್ಟು ಎತ್ತರ ಅಂತ ಗೊತ್ತಾ ನಿಮಗೆ?"

ನಾನು ಮೊಣಕಾಲೂರಿ ನೀರು ಬಳಿಯುತ್ತಿದ್ದೆ. "ಗೊತ್ತಿಲ್ದೆ ಏನು ಅತ್ತೆ? ನನ್ನ ಎದೆ ಹತ್ರ ಬರ್ತಾಳೆ."

"ಹೂಂ. ಗೊತ್ತಿದ್ರೆ ಸರಿ."

ಪಾಪ, ವಯಸ್ಸಾಯಿತು, ಮಗಳ ನೆನಪಾಗುತ್ತಿರಬೇಕು ಎಂದುಕೊಂಡೆ. ಸಂಜೆ ಹೆಂಡತಿಯ ಫೋನ್ ಬಂದಾಗ ಮರೆಯದೆ ಹೇಳಿದೆ: "ನಿಮ್ಮಮ್ಮ ನಿನ್ನ ತುಂಬಾ ನೆನೆಸ್ಕೋತಿದಾರೆ ಕಣೆ."

"ಅಡುಗೆಮನೆ ಎಲ್ಲಿಗೆ ಬಂತು?"

"ಹಾಲ್‌ಗೆ," ಎಂದೆ. ಅದು ನಿಜವೇ ಆಗಿತ್ತು.

ಆದರೆ ಎಲ್ಲ ಕಷ್ಟಕ್ಕೂ ಒಂದು ಕೊನೆಯಿದೆ. ಒಂಬತ್ತನೆಯ ದಿನ ಕಪಾಟುಗಳು ಗೋಡೆ ಸೇರಿದವು. ಕೆಳಗಿನವುಗಳ ಮೇಲೆ ಕಲ್ಲಿನ ಕಟ್ಟೆ ಕೂತಿತು. ಹತ್ತನೆಯ ದಿನ ಮಧ್ಯಾಹ್ನ ನಾನು ಟೇಪ್, ನೋಟ್‌ಬುಕ್ ಹಿಡಿದು ಅಂತಿಮ ತಪಾಸಣೆಗೆ ಇಳಿದೆ. ಸಾವಿರದ ಎಪ್ಪತ್ತು ಎಂದರೆ ಸಾವಿರದ ಎಪ್ಪತ್ತೇ! ಡ್ರಾಯರ್ ಎಳೆದರೆ ಸದ್ದಿಲ್ಲ. ಬಾಗಿಲು ದೂಡಿದರೆ ತಾನೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಕೊನೆಯದಾಗಿ ಬೇಡಿಕೆ ಒಂದು. ಕೈ ಎತ್ತಿದೆ. ಉಪ್ಪಿನ ಡಬ್ಬಿ ನೇರವಾಗಿ ಅಂಗೈಗೆ ಬಂತು. ಸ್ಟೂಲ್ ಬೇಕಾಗಲಿಲ್ಲ. ಎರಡನೆಯ ಸಲ ಪರೀಕ್ಷಿಸಿದೆ. ಆಗಲೂ ಬೇಕಾಗಲಿಲ್ಲ. "ಪೂರೈಸಿದೆ" ಎಂದು ಬರೆದು ಸಹಿ ಹಾಕಿದೆ. ಸಂತೋಷ ತಡೆಯಲಾರದೆ ಆ ಹಳೆಯ ಸ್ಟೂಲನ್ನು ಎತ್ತಿಕೊಂಡು ಹೋಗಿ, ಬೀದಿಯಲ್ಲಿ ಹಾದುಹೋಗುತ್ತಿದ್ದ ಗುಜರಿಯವನಿಗೆ ಪುಕ್ಕಟೆಯಾಗಿ ಕೊಟ್ಟುಬಿಟ್ಟೆ.

"ಅಳಿಯಂದ್ರೇ, ಆ ಸ್ಟೂಲು..." ಎಂದರು ಅತ್ತೆ.

"ತಾಳಿ ಅತ್ತೆ! ಇನ್ನು ಈ ಮನೇಲಿ ಸ್ಟೂಲ್ ಅನ್ನೋ ಮಾತೇ ಇಲ್ಲ!"

ಅತ್ತೆ ತಾಳಿದರು.

ಹೆಂಡತಿ ಹನ್ನೊಂದನೆಯ ದಿನ ಬೆಳಗ್ಗೆ ಬಂದಳು. ಹೊಗಳಿಕೆ ಕೇಳಲೆಂದು ಮೇಸ್ತ್ರಿಯೂ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ನಾನು ಅವಳ ಕಣ್ಣು ಮುಚ್ಚಿ ಒಳಗೆ ಕರೆದುಕೊಂಡು ಹೋಗಿ, ಕೈ ತೆಗೆದೆ.

ಅವಳು ನಕ್ಕಳು. ಅದು ನಿಜವಾದ ನಗು. ಬಾಗಿಲಿನ ಮರವನ್ನು ಸವರಿದಳು, ಒಂದು ಡ್ರಾಯರ್ ಎಳೆದು ಮುಚ್ಚಿದಳು. "ಚೆನ್ನಾಗಿದೆ ರೀ!" ಎಂದಳು. ಆಮೇಲೆ ಕಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಹಾಗೆ ಇಡಲು ಅವಳ ಭುಜಗಳು ಕಿವಿಯವರೆಗೆ ಏರಬೇಕಾಯಿತು. ಕಟ್ಟೆ ಅವಳ ಎದೆಗೆ ಬಂದಿತ್ತು. ಕುತ್ತಿಗೆ ಚಾಚಿ ಒಲೆಯ ಕಡೆ ನೋಡಿದಳು. ತುದಿಗಾಲಲ್ಲಿ ನಿಂತು ಮೇಲಿನ ಕಪಾಟಿನ ಹಿಡಿಗೆ ಬೆರಳು ತಾಗಿಸಿದಳು. ಬಾಗಿಲು ತೆರೆದುಕೊಂಡಿತು.

"ಒಳಗೆ ಏನಿದೆ?" ಎಂದು ಕೇಳಿದಳು.

"ಉಪ್ಪಿನ ಡಬ್ಬಿ."

"ನೀವು ಹೇಳಿದ್ರಿ ಅಂತ ನಂಬ್ತೀನಿ." ಸುತ್ತ ನೋಡಿದಳು. "ಸ್ಟೂಲ್ ಎಲ್ಲಿ?"

ಆಗ ನನಗೆ ಹೊಳೆಯಿತು. ಹತ್ತು ದಿನ ಗೋಡೆಗೆ, ಕಲ್ಲಿಗೆ, ಮರಕ್ಕೆ ಹಿಡಿದ ಟೇಪನ್ನು ಒಂದೇ ಒಂದು ಸಲ ನೆನಪಿನಲ್ಲಾದರೂ ಅವಳಿಗೆ ಹಿಡಿದಿದ್ದರೆ!

"ಅದು... ಕೊಟ್ಟುಬಿಟ್ಟೆ."

ಮೇಸ್ತ್ರಿ ಈ ಹೊತ್ತಿಗಾಗಿಯೇ ಕಾದಿದ್ದರು. "ಎಲ್ಲ ಸಾರ್ ಮೊಣಕೈ ಅಳತೆಗೆ ಕರೆಕ್ಟಾಗಿ ಕೂರಿಸಿದೀನಿ ಅಮ್ಮಾ. ದಿನಾ ಅಡುಗೆ ಮಾಡೋ ಜೀವ, ಬೆನ್ನು ನೋಯಬಾರದು ನೋಡಿ. ನಿಮ್ಮಂಥ ಅದೃಷ್ಟವಂತರು ಕಮ್ಮಿ!"

"ದಿನಾ ಅಡುಗೆ ಮಾಡೋ ಜೀವ?" ಹೆಂಡತಿ ನನ್ನನ್ನು ನೋಡಿದಳು. ಆಮೇಲೆ ಹಾಲ್ ಕಡೆ ತಿರುಗಿ ತನ್ನ ತಾಯಿಯನ್ನು ನೋಡಿದಳು.

"ನಾನು ಮೂರು ಸಲ ಬಾಯಿ ಬಿಟ್ಟೆ ಕಣೆ," ಎಂದರು ಅತ್ತೆ. "ಎರಡು ಸಲ ತಾಳಿ ಅಂದ್ರು. ಒಂದು ಸಲ ಗೊತ್ತು ಅಂದ್ರು."

ಕಳ್ಳನಿಗೊಂದು ಪಿಳ್ಳೆನೆವ ಎನ್ನುವಂತೆ ನಾನು ನೋಟ್‌ಬುಕ್ ತೆಗೆದೆ. "ನೋಡು, ಸಾವಿರದ ಎಪ್ಪತ್ತು ಅಂತ ಬರೆದಿದೆ. ಬೇಕಾದ್ರೆ ಅಳೆದು ನೋಡು, ಸಾವಿರದ ಎಪ್ಪತ್ತೇ ಇದೆ. ಒಂದು ಮಿಲಿಮೀಟರೂ ತಪ್ಪಿಲ್ಲ."

"ಹಂತ ಎಲ್ಲ ಸರಿ ಇದೆ ರೀ. ಉತ್ತರ ತಪ್ಪು. ಹತ್ತು ದಿನದಿಂದ ಇಂಥವನ್ನೇ ತಿದ್ದಿ ಬಂದಿದೀನಿ."

"ಹಂತಕ್ಕೆ ಅಂಕ ಇರುತ್ತಲ್ಲ?" ಎಂದೆ ಆಸೆಯಿಂದ.

"ಪ್ರಶ್ನೇನೇ ತಪ್ಪು ಬರ್ಕೊಂಡಿದ್ರೆ ಹಂತಕ್ಕೂ ಅಂಕ ಇಲ್ಲ."

ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಸೂಟ್‌ಕೇಸಿನ ಮೇಲೆ ಕೂತು, ಆ ಚೆಂದದ ಕಪಾಟುಗಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ಹದಿನಾರು ವರ್ಷ ಯಾರೋ ಎತ್ತರದವರ ಅಡುಗೆಮನೇಲಿ ಒದ್ದಾಡಿದೆ. ಅವರು ನನ್ನನ್ನ ನೋಡಿರ್ಲಿಲ್ಲ, ಅವರದೇನೂ ತಪ್ಪಿಲ್ಲ. ನೀವು ನೋಡಿದೀರಲ್ಲ ರೀ."

ನನಗೆ ನಾಚಿಕೆಯಾಯಿತು. ಇಪ್ಪತ್ತಮೂರು ವರ್ಷದಲ್ಲಿ ತಕ್ಕಡಿಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಎಷ್ಟೋ ಅಂಗಡಿಯವರು ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ. ಅವರಿಗೆ ಹೇಗನ್ನಿಸಿರಬಹುದು ಎಂದು ಆವತ್ತು ತಿಳಿಯಿತು.

"ಇಳಿಸಿಬಿಡಿ ಮೇಸ್ತ್ರಿ! ಇವತ್ತೇ! ಎಲ್ಲ ಕಿತ್ತು ಇವಳ ಅಳತೆಗೆ ಮಾಡಿ!" ಎಂದೆ.

ಮೇಸ್ತ್ರಿಯ ಮುಖ ನೋಡುವಂತಿರಲಿಲ್ಲ. ಅವರ ಮೂರನೆಯ ಗಂಡಸು ಕಣ್ಣೆದುರೇ ಕರಗಿಹೋಗಿದ್ದ. "ನಾಳೆಯಿಂದ ಒಂದು ಶಾಲೆಯ ಬೆಂಚು, ಡೆಸ್ಕಿನ ಕೆಲಸ ಒಪ್ಕೊಂಡಿದೀನಿ ಸಾರ್. ಇನ್ನು ಮೂರು ತಿಂಗಳು ಆಗಲ್ಲ," ಎಂದು ಹೇಳಿ, ನನ್ನ ಕಡೆ ತಿರುಗಿ ನೋಡದೆ ಹೊರಟರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಾದೆ ಕಟ್ಟಿದವರು ಉಣ್ಣಲು ಏನಾದರೂ ಇರುತ್ತದೆ ಎಂದು ಭಾವಿಸಿದ್ದರು. ಆ ದಿನ ಮಧ್ಯಾಹ್ನ ಎರಡು ಗಂಟೆಯಾದರೂ ಒಲೆ ಹಚ್ಚಿರಲಿಲ್ಲ. ಹೀಗಾಗಿ ಜಗಳ ಮುಗಿಯುವ ದಾರಿಯೇ ಇರಲಿಲ್ಲ. ಕೊನೆಗೆ ನಾನೇ ಕೇಳಿದೆ:

"ಊಟಕ್ಕೆ ಏನು ಮಾಡೋಣ?"

"ನನ್ನ ಕೇಳ್ತೀರಲ್ಲ! ಯಾರ ಅಳತೆಗೆ ಹೊಲಿಸಿದ್ದೋ ಅವರೇ ತೊಟ್ಕೋಬೇಕು."

ಹೀಗೆ ಮನೆಯ ಸಂಪುಟದಲ್ಲಿ ಅಡುಗೆ ಖಾತೆ ನನಗೆ ಬಂತು. ಪ್ರಮಾಣವಚನ ಸಮಾರಂಭ ಇರಲಿಲ್ಲ. ಅವಳೇನೂ ನಿರ್ದಯಿಯಲ್ಲ. ತರಕಾರಿ ತಂದುಕೊಡುತ್ತಿದ್ದಳು, ಹಾಲ್‌ನ ಮೇಜಿನ ಮುಂದೆ ಕೂತು ಹೆಚ್ಚಿಯೂ ಕೊಡುತ್ತಿದ್ದಳು. ಅಡುಗೆಮನೆಯ ಹೊಸಿಲು ಮಾತ್ರ ದಾಟಲಿಲ್ಲ. "ಎಟಕಲ್ಲ," ಎನ್ನುತ್ತಿದ್ದಳು. ಅದಕ್ಕಿದ್ದ ಒಂದೇ ಉತ್ತರವನ್ನು ನಾನು ಗುಜರಿಗೆ ಹಾಕಿದ್ದೆ.

ಮೊದಲ ವಾರ ನಾನು ವೈಜ್ಞಾನಿಕವಾಗಿ ಅಡುಗೆ ಮಾಡಿದೆ. ಇಲಾಖೆಯ ಸಣ್ಣ ತಕ್ಕಡಿಯಂಥದ್ದೇ ಒಂದನ್ನು ತಂದು ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತಿದ್ದೆ. ಆಲೂಗಡ್ಡೆಯ ಹೋಳುಗಳೆಲ್ಲ ಒಂದೇ ಗಾತ್ರ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಯೋಚಿಸಿದರು.

"ಉಪ್ಪು ಸರಿಯಾಗಿದೆ ಅಳಿಯಂದ್ರೇ. ಉಳಿದಿದ್ದು ಏನು?"

"ಆಲೂಗಡ್ಡೆ ಅತ್ತೆ."

"ಹೌದಾ? ಒಳ್ಳೇದು, ಹೇಳಿದ್ರಲ್ಲ."

ಎರಡನೆಯ ತಿಂಗಳಿಗೆ ತಕ್ಕಡಿ ಮೂಲೆ ಸೇರಿತು. ಕೈಗೆ ಅಂದಾಜು ಬಂತು. ಸುಳ್ಳು ಯಾಕೆ ಹೇಳಲಿ, ಆ ಕಟ್ಟೆ ನನಗೆ ಹೇಳಿ ಮಾಡಿಸಿದ ಹಾಗಿತ್ತು, ಹೇಳಿಯೇ ಮಾಡಿಸಿದ್ದಲ್ಲವೇ! ಬೆನ್ನು ಬಗ್ಗಿಸಬೇಕಿಲ್ಲ. ಎಡಗೈ ಚಾಚಿದರೆ ಚಾಕು, ಬಲಗೈ ಚಾಚಿದರೆ ನೀರು. ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎರಡನೆಯ ಸಲ ಬಡಿಸಿಕೊಂಡಳು. ನನಗೆ ಬಡ್ತಿ ಸಿಕ್ಕಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಅಡುಗೆಮನೆಗೆ ಹೋಗಿ ಒಬ್ಬನೇ ನಕ್ಕು ಬಂದೆ.

ಆದರೆ ಬೆನ್ನು ಉಳಿದರೂ ಕಾಲು ಉಳಿಯಲಿಲ್ಲ. ಕಚೇರಿಯಿಂದ ಬಂದವನು ಬಟ್ಟೆ ಬದಲಿಸಿ ನೇರ ಒಲೆಯ ಮುಂದೆ. ಅಡುಗೆ ಮಾಡುವವನು ಉಣ್ಣಲು ಕೂರುವ ಹೊತ್ತಿಗೆ ಉಳಿದವರು ಕೈ ತೊಳೆದಿರುತ್ತಾರೆ ಎಂಬ ಸತ್ಯ ಈ ವಯಸ್ಸಿನಲ್ಲಿ ನನಗೆ ಗೊತ್ತಾಯಿತು. ಇವಳು ಇದನ್ನೇ ಹದಿನಾರು ವರ್ಷ, ಅದೂ ಸ್ಟೂಲ್ ಹತ್ತಿ ಇಳಿದು ಮಾಡಿದಳಲ್ಲ ಎಂದು ನೆನೆದರೆ ಸಂಕಟವಾಗುತ್ತಿತ್ತು. ಸಂಕಟದ ಜೊತೆಗೇ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಗೀಟು ಹಾಕುತ್ತಿದ್ದೆ. ಮೂರು ತಿಂಗಳು ಮುಗಿಯಲಿ. ಮೇಸ್ತ್ರಿ ಬರಲಿ. ಅವಳ ಅಳತೆಗೆ ಅವಳ ಅಡುಗೆಮನೆ ಆಗಲಿ. ಅವಳ ಋಣ ತೀರುತ್ತದೆ, ನನ್ನ ಕಾಲಿಗೆ ರಜೆ ಸಿಗುತ್ತದೆ. ಇಬ್ಬರಿಗೂ ನ್ಯಾಯ!

ಮೂರು ತಿಂಗಳು ತುಂಬಿದ ಭಾನುವಾರ ಮೇಸ್ತ್ರಿ ಬಂದರು. ಹತ್ತೂ ಬೆರಳು ಹಾಗೇ ಇದ್ದವು. ನನ್ನನ್ನು ಕಂಡು ಬಿಗಿಯಾಗಿ ತಲೆಯಾಡಿಸಿ, ಹೆಂಡತಿಯ ಕಡೆ ತಿರುಗಿದರು.

"ಎಲ್ಲಿ ಮಾಡ್ಬೇಕು ಅಮ್ಮಾ?"

"ಈ ಕಿಟಕಿ ಕಡೆ ಗೋಡೆ ಇದೆಯಲ್ಲ ಮೇಸ್ತ್ರಿ, ಇದು ಪೂರ್ತಿ ನನ್ನದು. ಇಲ್ಲೊಂದು ಕಟ್ಟೆ. ಅದರ ಮೇಲೆ ಕಪಾಟು. ಎಲ್ಲ ನನ್ನ ಕೈಗೆ ಎಟಕಬೇಕು."

"ಹಂಗೇ ಆಗ್ಲಿ. ಬನ್ನಿ, ನೆಟ್ಟಗೆ ನಿಂತ್ಕೊಳ್ಳಿ."

ಅವಳು ಕೈ ಒರೆಸಿಕೊಂಡು ಗೋಡೆಗೆ ಬೆನ್ನು ತಾಗಿಸಿ ನಿಂತಳು. ತರಗತಿಯಲ್ಲಿ ಎಲ್ಲರನ್ನೂ ನಿಲ್ಲಿಸುವ ಟೀಚರ್, ತಾನೇ ಹಾಜರಿ ಹೇಳುವ ಹುಡುಗಿಯ ಹಾಗೆ ನಿಂತಿದ್ದಳು. ಈ ಅಡುಗೆಮನೆಯಲ್ಲಿ ಅವಳ ಅಳತೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಮುಂದೆ ಬಂದು ಟೇಪಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಕೂತೆ.

"ಈಗ ಮೊಣಕೈ ಮಡಚಿ ಅಮ್ಮಾ."

"ಒಂದು ನಿಮಿಷ ಮೇಸ್ತ್ರಿ," ಎಂದು ಅವಳು ಹಾಲ್‌ಗೆ ಹೋದಳು. ಒಂದು ಕುರ್ಚಿ ಎಳೆದುಕೊಂಡು ಬಂದಳು. ಕಿಟಕಿಯ ಪಕ್ಕ ಅದನ್ನು ಹಾಕಿ, ಹಾಯಾಗಿ ಒರಗಿ ಕೂತು, ಮೊಣಕೈ ಮಡಚಿದಳು.

"ಹೂಂ, ಈಗ ತಗೊಳ್ಳಿ."

ಮೇಸ್ತ್ರಿಯ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ಟೇಪಿನ ತುದಿ ಹಿಡಿದುಕೊಂಡು ನಾನೂ ನೆಲದಿಂದ ತಲೆ ಎತ್ತಿ ನೋಡಿದೆ.

"ಕೂತ್ಕೊಂಡು ಅಡುಗೆ ಮಾಡ್ತೀರಾ ಅಮ್ಮಾ?"

"ಇಲ್ಲ ಮೇಸ್ತ್ರಿ, ಕೂತ್ಕೊಂಡು ಊಟ ಮಾಡ್ತೀನಿ," ಎಂದಳು. "ಅಡುಗೆ ಮಾಡೋರ ಅಳತೇನ ನೀವು ಆಗ್ಲೇ ಸರಿಯಾಗಿ ತಗೊಂಡಿದೀರಲ್ಲ."